ಬಿಲ್ಹಣನ ಕಾವ್ಯ ಉಳಿಸಿಕೊಟ್ಟ ಊರು

ಜೈಸಲ್ಮೇರಿನ ಕೋಟೆಯೊಳಗೆ ಬೆಳಗಿನ ಏಳು ಗಂಟೆಗೆ ಕುಕ್ಕರ್ ಕೂಗುತ್ತಿತ್ತು. ಓಣಿಯ ಎರಡೂ ಕಡೆ ಹಳದಿ ಕಲ್ಲಿನ ಮನೆಗಳು. ಒಂದರ ಜಗುಲಿಯ ಮೇಲೆ ಅಜ್ಜಿಯೊಬ್ಬರು ಶಾಲೆಗೆ ಹೊರಟ ಹುಡುಗಿಗೆ ಜಡೆ ಹಾಕುತ್ತಿದ್ದರು. ಇನ್ನೊಂದರ ಬಾಗಿಲಲ್ಲಿ ಹಸುವೊಂದು ನಿನ್ನೆಯ ರೊಟ್ಟಿಗಾಗಿ ಕಾಯುತ್ತಿತ್ತು. ಹಾಲಿನವನ ಮೋಟರ್‌ಸೈಕಲ್ ಬಂದಾಗ ಎದುರಿಗಿದ್ದವರೆಲ್ಲ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಕೋಟೆ ಎಂದರೆ ಟಿಕೆಟ್ ಕೊಂಡು ಒಳಗೆ ಹೋಗಿ, ಪಾಳು ಅರಮನೆ ನೋಡಿ, ಗೇಟು ಹಾಕುವ ಮೊದಲು ಹೊರಬರುವ ಜಾಗ ಎಂದೇ ನಾವು ಬೆಳೆದಿದ್ದೇವೆ. ಇಲ್ಲಿ ಗೇಟು ಹಾಕುವ ಹೊತ್ತೇ ಇಲ್ಲ. ಮೂರು ನಾಲ್ಕು ಸಾವಿರ ಜನ ಇದರೊಳಗೇ ಹುಟ್ಟಿ, ಮದುವೆಯಾಗಿ, ಮುದುಕರಾಗುತ್ತಿದ್ದಾರೆ. ಅವರ ಪೂರ್ವಿಕರಲ್ಲಿ ಹೆಚ್ಚಿನವರು ರಾಜರ ಸೇವೆಯಲ್ಲಿದ್ದ ಬ್ರಾಹ್ಮಣರು, ರಜಪೂತರು. ಅಂದು ಬಳುವಳಿಯಾಗಿ ಸಿಕ್ಕ ಮನೆಗಳಲ್ಲೇ ಇಂದಿಗೂ ಒಲೆ ಉರಿಯುತ್ತಿದೆ.

ಕೋಟೆಗೆ ಹತ್ತುವ ದಾರಿ ನಾಲ್ಕು ಬಾಗಿಲು ದಾಟುತ್ತದೆ: ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. ಒಂದು ಬಾಗಿಲಲ್ಲಿ ನಿಂತರೆ ಮುಂದಿನದು ನೇರ ಕಾಣದಂತೆ ದಾರಿ ತಿರುಗುತ್ತದೆ. ಓಡಿ ಬರುವ ಆನೆಯ ವೇಗ ಆ ತಿರುವುಗಳಲ್ಲೇ ಮುರಿಯಬೇಕು. ಗೋಡೆಯ ನೆತ್ತಿಯಲ್ಲಿ, ಶತ್ರುವಿನ ಮೇಲೆ ಉರುಳಿಸಲೆಂದು ಕಡೆದಿಟ್ಟ ಗುಂಡುಕಲ್ಲುಗಳು ಇನ್ನೂ ಸಾಲಾಗಿ ಕೂತಿವೆ. ಕೊನೆಯ ಬಾಗಿಲಾದ ಹವಾ ಪೋಲ್‌ನಲ್ಲಿ ಗಾಳಿ ಬೀಸುವುದು ನಿಲ್ಲುವುದಿಲ್ಲ. ಜನವರಿಯ ಚಳಿಯಲ್ಲೂ ಅಲ್ಲಿನ ಕಲ್ಲು ಬೆಂಚಿನ ಮೇಲೆ ಹಿರಿಯರು ಶಾಲು ಹೊದ್ದು ಕೂತಿದ್ದರು. ಬೇಸಿಗೆಯಲ್ಲಿ ಈ ಜಾಗಕ್ಕೆ ಪೈಪೋಟಿಯಂತೆ.

ಮನೆಗಳ ಹೊರಗೋಡೆಯ ಮೇಲೆ ಗಣಪತಿಯ ಚಿತ್ರಗಳಿವೆ. ಹತ್ತಿರ ಹೋಗಿ ಓದಿದರೆ ಅವು ಮದುವೆಯ ಕರೆಯೋಲೆಗಳು. ಮನೆಯಲ್ಲಿ ಮದುವೆ ನಡೆಯುವಾಗ ಬಾಗಿಲ ಪಕ್ಕ ಗಣಪತಿಯನ್ನು ಬರೆಸಿ, ಕೆಳಗೆ ವಧೂವರರ ಹೆಸರು, ತಿಥಿ, ಇಸವಿ ಹಾಕಿಸುತ್ತಾರೆ. ಮದುವೆ ಮುಗಿದ ಮೇಲೂ ಅಳಿಸುವುದಿಲ್ಲ. ಮುಂದಿನ ಮಗನದು ಅದರ ಪಕ್ಕಕ್ಕೆ. ಒಂದು ಮನೆಯ ಗೋಡೆಯಲ್ಲಿ ಬಣ್ಣ ಮಾಸಿದ ಹಳೆಯ ಗಣಪತಿಯೂ ಹೊಚ್ಚ ಹೊಸ ಗಣಪತಿಯೂ ಅಕ್ಕಪಕ್ಕ ಇದ್ದರು. ನಡುವಿನ ಅಂತರ ಒಂದು ತಲೆಮಾರಿನದು. ಓಣಿಯುದ್ದಕ್ಕೂ ಓದಿಕೊಂಡು ಹೋದರೆ ಕೇರಿಯ ವಂಶಾವಳಿಯೇ ಸಿಗುತ್ತದೆ. ಇದ್ದದ್ದನ್ನು ಅಳಿಸದೆ ಕಾಪಿಟ್ಟುಕೊಳ್ಳುವ ಈ ಗುಣವನ್ನು ಆಮೇಲೆ ಜೈಸಲ್ಮೇರಿನಲ್ಲಿ ಹೋದಲ್ಲೆಲ್ಲ ಕಂಡೆ. ಈ ಊರಿನ ಬಗ್ಗೆ ಬರೆಯಬೇಕು ಅನ್ನಿಸಿದ್ದು ಅದಕ್ಕಾಗಿ.

ಊರು ಕಟ್ಟಿದವನು ಭಾಟಿ ರಜಪೂತರ ರಾವಲ್ ಜೈಸಲ್, 1156ರಲ್ಲಿ. ಅದಕ್ಕೆ ಮೊದಲು ಭಾಟಿಗಳ ರಾಜಧಾನಿ ಇದ್ದದ್ದು ಹದಿನೈದು ಕಿಲೋಮೀಟರ್ ಆಚೆ, ಬಯಲಿನ ಲೋದ್ರವದಲ್ಲಿ. ಬಯಲೂರನ್ನು ಕಾಯುವುದು ಕಷ್ಟ. ಈಗ ಕೋಟೆ ನಿಂತಿರುವ ತ್ರಿಕೂಟ ಬೆಟ್ಟದ ಎತ್ತರ 76 ಮೀಟರ್ ಅಷ್ಟೇ ಆದರೂ ಸುತ್ತಲಿನ ಸಮತಟ್ಟಿನಲ್ಲಿ ಅದು ಹರದಾರಿ ದೂರಕ್ಕೆ ಕಾಣುತ್ತದೆ. ಸಿಂಧ್ ಕಡೆಯಿಂದ ಗುಜರಾತಿಗೂ ದೆಹಲಿಗೂ ಹೊರಟ ಒಂಟೆಗಳ ಸಾಲು ಈ ಬೆಟ್ಟದ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ರೇಷ್ಮೆ, ಅಫೀಮು, ಒಣಹಣ್ಣುಗಳ ಮೇಲಿನ ಸುಂಕ ಈ ಊರನ್ನು ಸಾಕಿತು. ಮುಂಬೈ ಬಂದರು ಬೆಳೆದ ಮೇಲೆ ವ್ಯಾಪಾರ ಅತ್ತ ಸರಿಯಿತು. 1947ರ ಗಡಿ ಉಳಿದ ದಾರಿಯನ್ನೂ ಮುಚ್ಚಿತು.

ತಮ್ಮ ಊರಿಗೆ ಎರಡೂವರೆ ಸಾಕಾ ಆಗಿವೆ ಎಂದು ಜೈಸಲ್ಮೇರಿನವರು ಹೇಳುತ್ತಾರೆ. ಮುತ್ತಿಗೆಯಲ್ಲಿ ಸೋಲು ಖಚಿತವಾದಾಗ ಹೆಂಗಸರು ಬೆಂಕಿಗೆ ಬಿದ್ದು, ಗಂಡಸರು ಬಾಗಿಲು ತೆರೆದು ಸಾಯಲು ಹೊರಡುವುದು ಸಾಕಾ. ಮೊದಲನೆಯದು ಖಿಲ್ಜಿಗಳ ಕಾಲದ್ದು, ಎರಡನೆಯದು ತುಘಲಕರ ಕಾಲದ್ದು. ಅರ್ಧ ಸಾಕಾ ನಡೆದದ್ದು 1550ರಲ್ಲಿ, ರಾವಲ್ ಲೂಣಕರಣನ ಆಳ್ವಿಕೆಯಲ್ಲಿ. ಸ್ನೇಹದ ನೆಪದಲ್ಲಿ ಒಳಬಂದ ಅಮೀರ್ ಅಲಿಯ ಪಡೆ ಕೋಟೆಯೊಳಗೇ ತಿರುಗಿಬಿತ್ತು. ಚಿತೆ ಹೊತ್ತಿಸಲು ವೇಳೆ ಸಾಲದೆ ಗಂಡಸರೇ ಮನೆಯ ಹೆಂಗಸರನ್ನು ಕತ್ತಿಯಿಂದ ಕಡಿದರು. ಅಷ್ಟರಲ್ಲಿ ನೆರವಿನ ಸೈನ್ಯ ಬಂದು ಕೋಟೆ ಉಳಿಯಿತು. ಮಾರ್ಗದರ್ಶಕರು ಇದನ್ನು ವೀರಗಾಥೆಯ ದನಿಯಲ್ಲೇ ಹೇಳುತ್ತಾರೆ. ಇನ್ನು ಸ್ವಲ್ಪ ಹೊತ್ತು ಕಾದಿದ್ದರೆ ಬದುಕುತ್ತಿದ್ದ ಆ ಹೆಂಗಸರು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಎಲ್ಲರೂ ಹೊಗಳುವ ಕೋಟೆಯ ಬಂಗಾರದ ಬಣ್ಣ ನಿಜ. ದಿನವಿಡೀ ಇರುವುದಿಲ್ಲ ಅಷ್ಟೆ. ನಡುಹಗಲಿನಲ್ಲಿ ಕೋಟೆ ಬಿಳಿಚಿಕೊಂಡು ಬಳಲಿದಂತೆ ಕಾಣುತ್ತದೆ. ಬಿಸಿಲು ಓರೆಯಾದ ಮೇಲೆ ಕಲ್ಲಿನೊಳಗಿಂದಲೇ ಬೆಳಕು ಹೊರಟಂತೆ ಹೊಳಪು ಬರುತ್ತದೆ. ಸತ್ಯಜಿತ್ ರಾಯ್ 1974ರಲ್ಲಿ ‘ಸೋನಾರ್ ಕೆಲ್ಲಾ’ ಸಿನಿಮಾ ತೆಗೆದ ಮೇಲೆ ಬಂಗಾಳದ ಕುಟುಂಬಗಳು ಈ ಬಣ್ಣ ನೋಡಲೆಂದೇ ಬರುತ್ತವೆ. ನಾನಿದ್ದಾಗಲೂ ಓಣಿಗಳಲ್ಲಿ ಹಿಂದಿಯಷ್ಟೇ ಬಂಗಾಳಿ ಕೇಳಿಸಿತು.

ಬಣ್ಣಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಲ್ಲಿನ ಹುಟ್ಟು. ಮರಳುಗಾಡಿನ ಈ ಕಲ್ಲು ರೂಪುಗೊಂಡದ್ದು ಜುರಾಸಿಕ್ ಕಾಲದ ಸಮುದ್ರದ ತಳದಲ್ಲಿ. ಹತ್ತಿರದ ಹಾಬೂರ್ ಹಳ್ಳಿಯ ಕಲ್ಲಿನಲ್ಲಿ ಚಿಪ್ಪುಗಳ ಅಚ್ಚು ಬರಿಗಣ್ಣಿಗೇ ಕಾಣುತ್ತದೆ. ಆ ಕಲ್ಲಿನ ಬಟ್ಟಲಿನಲ್ಲಿ ಹಾಲಿಟ್ಟರೆ ಹೆಪ್ಪು ಹಾಕದೆಯೂ ಮೊಸರಾಗುತ್ತದೆ ಎಂದು ಅಂಗಡಿಯವರು ಹೇಳಿ ಮಾರುತ್ತಾರೆ. ಬಾಡಮೇರ್ ರಸ್ತೆಯಲ್ಲಿ ಹದಿನೇಳು ಕಿಲೋಮೀಟರ್ ಹೋದರೆ ಆಕಲ್ ಎಂಬಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳ ಕಾಂಡಗಳು ಕಲ್ಲಾಗಿ ಬಿದ್ದಿವೆ. ಇದೇ ಜಿಲ್ಲೆಯಲ್ಲಿ ಸಿಕ್ಕ 16.7 ಕೋಟಿ ವರ್ಷ ಹಳೆಯ ಡೈನೋಸಾರ್ ಒಂದಕ್ಕೆ 2023ರಲ್ಲಿ ಥಾರೋಸಾರಸ್ ಎಂಬ ಹೆಸರಿಟ್ಟರು. ನೀರೂ ಕಾಡೂ ಇದ್ದ ಕಾಲದ ನೆನಪನ್ನು ನೆಲ ತನ್ನೊಳಗೆ ಇಟ್ಟುಕೊಂಡಿದೆ.

ಇಲ್ಲಿನ ಹಳೆಯ ಗೋಡೆಗಳಲ್ಲಿ ಗಾರೆ ಹುಡುಕಿದರೆ ಸಿಗುವುದು ಕಷ್ಟ. ಕಲ್ಲಿಗೆ ಕಲ್ಲನ್ನು ತೋಡು ಕೊರೆದು, ನಾಲಗೆ ಕೂರಿಸಿ, ಅಲ್ಲಲ್ಲಿ ಕಬ್ಬಿಣದ ಕೊಂಡಿ ಹಾಕಿ ಜೋಡಿಸಿದ್ದಾರೆ. ಕುಡಿಯುವ ನೀರಿಗೇ ಲೆಕ್ಕವಿದ್ದ ಊರಿನಲ್ಲಿ ಸುಣ್ಣ ಕಲಸಲು ನೀರು ಎಲ್ಲಿಂದ ತರುವುದು? ಕಲ್ಲುಕುಟಿಗರ ಕೈಚಳಕವನ್ನು ಹವೇಲಿಗಳಲ್ಲಿ ನೋಡಬೇಕು. ಜರತಾರಿ ಮತ್ತು ಲೇವಾದೇವಿಯಲ್ಲಿ ಹಣ ಮಾಡಿದ ಪಟ್ವಾ ಮನೆತನ 1805ರಲ್ಲಿ ಶುರುಮಾಡಿ ಅರ್ಧ ಶತಮಾನ ಕಟ್ಟಿಸಿದ ಐದು ಮನೆಗಳ ಸಾಲು ಎಲ್ಲರೂ ನೋಡುವಂಥದ್ದು. ನನಗೆ ಹೆಚ್ಚು ಇಷ್ಟವಾದದ್ದು 1885ರ ನಥಮಲ್ ಹವೇಲಿ. ಹಾಥಿ, ಲಾಲೂ ಎಂಬ ಅಣ್ಣತಮ್ಮಂದಿರು ಬಾಗಿಲಿನ ಎಡಭಾಗವನ್ನೊಬ್ಬ, ಬಲಭಾಗವನ್ನೊಬ್ಬ ಕೆತ್ತಿದರು. ದೂರದಿಂದ ಎರಡೂ ಒಂದೇ. ಹತ್ತಿರ ನಿಂತು ಒಂದೊಂದೇ ಹೂವು, ಒಂದೊಂದೇ ಕಂಬ ಹೋಲಿಸುತ್ತ ಹೋದರೆ ಇಬ್ಬರ ಕೈ ಬೇರೆ ಬೇರೆ ಎಂದು ಗೊತ್ತಾಗುತ್ತದೆ.

ಆದರೆ ಕನ್ನಡಿಗರು ಜೈಸಲ್ಮೇರಿಗೆ ಹೋಗಲು ಬೇರೆಯದೇ ಒಂದು ಕಾರಣವಿದೆ. ಅದು ಕೋಟೆಯೊಳಗಿನ ಜೈನ ಬಸದಿಗಳ ಅಡಿಯಲ್ಲಿದೆ.

ಏಳು ಬಸದಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಪಾರ್ಶ್ವನಾಥನ ಬಸದಿಯ ತೋರಣ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸಂಭವನಾಥ ಬಸದಿಯ ಕೆಳಗೆ ನೆಲಮಾಳಿಗೆಯಲ್ಲಿ ಒಂದು ಗ್ರಂಥಭಂಡಾರವಿದೆ. 15ನೇ ಶತಮಾನದ, ಖರತರ ಗಚ್ಛವೆಂಬ ಜೈನ ಪಂಥದ ಆಚಾರ್ಯ ಜಿನಭದ್ರಸೂರಿಯ ಹೆಸರಿನಲ್ಲಿ ಅದು ಜಿನಭದ್ರಸೂರಿ ಜ್ಞಾನಭಂಡಾರ. ಗುಜರಾತಿನ ಸಿರಿವಂತ ಪಟ್ಟಣಗಳ ಮೇಲೆ ದಂಡುಗಳು ಏರಿಬರುತ್ತಿದ್ದ ಕಾಲದಲ್ಲಿ ಓಲೆಗರಿಗಳನ್ನು ಸುಲಭಕ್ಕೆ ಯಾರೂ ಮುಟ್ಟಲಾರದ ಈ ಮರಳ ನಡುವಿನ ಬೆಟ್ಟಕ್ಕೆ ಸಾಗಿಸಿದರು. ಒಣಹವೆ ಹುಳುವನ್ನೂ ಬೂಷ್ಟನ್ನೂ ದೂರವಿಟ್ಟಿತು. ಜೈನ ಆಗಮಗಳ ಜೊತೆಗೆ ಕಾವ್ಯ, ತರ್ಕ, ವ್ಯಾಕರಣ, ಅಲಂಕಾರ ಎಲ್ಲವೂ ಇಲ್ಲಿ ಸೇರಿದವು. ಯಾವ ಮತದ ಗ್ರಂಥವಾದರೂ ಜೈನ ಮುನಿಗಳು ಅದನ್ನು ಓದಿ ಇಟ್ಟುಕೊಳ್ಳುತ್ತಿದ್ದರು. ಆ ದೊಡ್ಡಗುಣಕ್ಕೆ ನಾವು ಋಣಿಗಳು.

ನೋಡಲು ಸಿಗುವುದು ಗಾಜಿನ ಪೆಟ್ಟಿಗೆಯೊಳಗಿನ ಕೆಲವೇ ಗರಿಗಳು. ಉದ್ದನೆಯ, ಕಂದುಬಣ್ಣದ, ಎರಡು ಬೆರಳಗಲದ ಗರಿ. ನಡುವೆ ದಾರ ಪೋಣಿಸಲು ತೂತು, ಅದರ ಸುತ್ತ ಚೌಕವಾಗಿ ಬಿಟ್ಟ ಖಾಲಿ ಜಾಗ. ನಮ್ಮ ಮಠಗಳಲ್ಲಿ ನೋಡಿದ ಓಲೆಗರಿಗಳಲ್ಲಿ ಅಕ್ಷರವನ್ನು ಕಂಟದಿಂದ ಕೊರೆದು ಮೇಲೆ ಮಸಿ ಸವರಿರುತ್ತಾರೆ. ಇಲ್ಲಿಯವು ಲೇಖನಿ ಅದ್ದಿ ಶಾಯಿಯಲ್ಲಿ ಬರೆದವು. ಎಂಟು ಒಂಬತ್ತು ನೂರು ವರ್ಷದ ಶಾಯಿ ಇನ್ನೂ ಕಪ್ಪಾಗಿದೆ. ಅಕ್ಷರದ ತಲೆಕಟ್ಟು ಎಲ್ಲಿ ದಪ್ಪ, ಎಲ್ಲಿ ಸಣ್ಣ, ಲಿಪಿಕಾರ ಎಲ್ಲಿ ಮಸಿ ತುಂಬಿಕೊಂಡು ಮತ್ತೆ ಶುರುಮಾಡಿದ ಎಂಬುದೂ ಕಾಣುತ್ತದೆ.

1874ರಲ್ಲಿ ಇಲ್ಲಿಗೆ ಇಬ್ಬರು ಜರ್ಮನ್ ವಿದ್ವಾಂಸರು ಬಂದರು. ಮುಂಬೈ ಸರ್ಕಾರದ ಶಿಕ್ಷಣ ಇಲಾಖೆಯಲ್ಲಿದ್ದ ಗಿಯೋರ್ಗ್ ಬ್ಯೂಲರ್ ಒಬ್ಬರು, ಇನ್ನೂ ಇಪ್ಪತ್ತೈದು ತುಂಬದ ಹರ್ಮನ್ ಯಾಕೋಬಿ ಇನ್ನೊಬ್ಬರು. ಭಂಡಾರದ ಬಾಗಿಲು ಹೊರಗಿನವರಿಗೆ ಸುಲಭವಾಗಿ ತೆರೆಯುತ್ತಿದ್ದ ಕಾಲವಲ್ಲ ಅದು. ಅವರ ಕೈಗೆ ಸಿಕ್ಕ ಗರಿಗಳ ಕಟ್ಟುಗಳಲ್ಲಿ ಒಂದು ಬಿಲ್ಹಣನ ‘ವಿಕ್ರಮಾಂಕದೇವಚರಿತ’. ಇಬ್ಬರೂ ಕೂತು ಅದನ್ನು ಕೈಯಾರೆ ನಕಲು ಮಾಡಿಕೊಂಡರು. ಮರುವರ್ಷ, 1875ರಲ್ಲಿ, ಬ್ಯೂಲರ್ ಅದನ್ನು ಮುಂಬೈಯಿಂದ ಅಚ್ಚುಹಾಕಿಸಿದರು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕತೆ ಅದು. 1076ರಿಂದ ಸುಮಾರು ಐವತ್ತು ವರ್ಷ ಆಳಿದ, ತನ್ನ ಹೆಸರಿನಲ್ಲೇ ಶಕೆ ಹೂಡಿದ, ಮಿತಾಕ್ಷರಾ ಬರೆದ ವಿಜ್ಞಾನೇಶ್ವರನಿಗೆ ಆಶ್ರಯ ಕೊಟ್ಟ ದೊರೆ. ಬಿಲ್ಹಣ ಹುಟ್ಟಿದ್ದು ಕಾಶ್ಮೀರದಲ್ಲಿ, ಶ್ರೀನಗರದ ಹತ್ತಿರದ ಖೋನಮುಖದಲ್ಲಿ. ಮಥುರೆ, ಕನೌಜು, ಪ್ರಯಾಗ, ಕಾಶಿ, ಗುಜರಾತು, ಸೋಮನಾಥ ಎಲ್ಲ ಸುತ್ತಿ ಕೊನೆಗೆ ಕಲ್ಯಾಣಕ್ಕೆ ಬಂದ. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟ. ಕರ್ಣಾಟದಲ್ಲಿ ಅವನು ಆನೆಯ ಮೇಲೆ ಕೊಡೆ ಹಿಡಿಸಿಕೊಂಡು ಹೋಗುತ್ತಿದ್ದನೆಂದು ಕಲ್ಹಣನ ‘ರಾಜತರಂಗಿಣಿ’ಯೂ ಹೇಳುತ್ತದೆ. ಅಂದರೆ ಕವಿಯ ಹೆಸರು, ಮರ್ಯಾದೆ ಎಲ್ಲವೂ ಲೋಕಕ್ಕೆ ಗೊತ್ತಿತ್ತು. ಕಲ್ಯಾಣದಲ್ಲಿ ಬರೆದ ಕಾವ್ಯ ಮಾತ್ರ ಕಣ್ಮರೆಯಾಗಿತ್ತು. ಕಾಶ್ಮೀರದವನು ಕನ್ನಡ ನಾಡಿನಲ್ಲಿ ಬರೆದದ್ದು ಥಾರ್ ಮರಳುಗಾಡಿನ ಜೈನರ ಮಾಳಿಗೆಯಲ್ಲಿ ಉಳಿದಿತ್ತು.

ಹದಿನೆಂಟು ಸರ್ಗಗಳ ಈ ಕಾವ್ಯ ಆಸ್ಥಾನ ಕವಿಯದು. ಅಣ್ಣ ಸೋಮೇಶ್ವರನನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯನ ಪರವಾಗಿಯೇ ಅದು ಮಾತಾಡುತ್ತದೆ. ಇತಿಹಾಸಕಾರರು ಅದನ್ನು ಶಾಸನಗಳ ಪಕ್ಕದಲ್ಲಿಟ್ಟು ಎಚ್ಚರದಿಂದ ಓದುತ್ತಾರೆ. ವಿಕ್ರಮಾದಿತ್ಯನ ತಂದೆ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಜ್ವರದಿಂದ ನೊಂದು ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟ ಪ್ರಸಂಗ ಅದರಲ್ಲಿದೆ. ಅದು ನಡೆದದ್ದು 1068ರಲ್ಲಿ. ಕೊನೆಯ ಸರ್ಗದಲ್ಲಿ ಕವಿ ತನ್ನ ಊರು, ಮನೆತನ, ಅಲೆದಾಟಗಳನ್ನೂ ಹೇಳಿಕೊಂಡಿದ್ದಾನೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ನಾಡಿನ ನೆಲಮಾಳಿಗೆಯಲ್ಲಿ ನಮ್ಮ ತುಂಗಭದ್ರೆ ಶತಮಾನಗಳ ಕಾಲ ಓಲೆಗರಿಯೊಳಗಿತ್ತು ಎಂದುಕೊಂಡಾಗ ನನಗೆ ಕಣ್ಣು ತುಂಬಿ ಬಂತು. ಅಂದಿನ ಕಲ್ಯಾಣವೇ ಆದ ಬಸವಕಲ್ಯಾಣದ ಮಕ್ಕಳ ಪಾಠದಲ್ಲಿ ಜೈಸಲ್ಮೇರಿನ ಹೆಸರು ಬರಬೇಕು. ಭಂಡಾರವನ್ನು 1950ರ ಸುಮಾರಿಗೆ ಮುನಿ ಪುಣ್ಯವಿಜಯಜಿ ಇಲ್ಲೇ ಉಳಿದು ಗರಿ ಗರಿ ಬಿಡಿಸಿ ಕ್ರಮಗೊಳಿಸಿ ಪಟ್ಟಿ ಮಾಡಿದರು. ಬ್ಯೂಲರರ ಹೆಸರಿನಷ್ಟೇ ಗೌರವದಿಂದ ಅವರ ಹೆಸರನ್ನೂ ಹೇಳಬೇಕು.

ಓಲೆಗರಿ ಕಾಯ್ದ ಊರು ನೀರನ್ನು ಕಾಯ್ದದ್ದು ಇನ್ನೂ ದೊಡ್ಡ ಕತೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರೂ ಇಲ್ಲ. ಜಿಲ್ಲೆಯ ವಿಸ್ತಾರ 38 ಸಾವಿರ ಚದರ ಕಿಲೋಮೀಟರ್ ದಾಟುತ್ತದೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ ಹದಿನೇಳೇ ಜನ. ಅಷ್ಟು ಕಡಿಮೆ ಮಳೆ ನಂಬಿಕೊಂಡು ಒಂದು ರಾಜಧಾನಿ ಎಂಟು ನೂರು ವರ್ಷ ಬದುಕಿದೆ.

ಊರಿನ ಕೆರೆ ಗಡೀಸರ್ 14ನೇ ಶತಮಾನದ ರಾವಲ್ ಘಡಸಿ ಕಟ್ಟಿಸಿದ್ದು. ಕೆರೆಯ ಕೆಲಸ ನಡೆಯುತ್ತಿದ್ದಾಗಲೇ ದಂಡೆಯ ಮೇಲೆ ಅವನ ಕೊಲೆಯಾಯಿತೆಂದೂ, ರಾಣಿ ವಿಮಲಾ ಚಿತೆ ಏರದೆ ಕೆರೆ ಮುಗಿಸಿದಳೆಂದೂ ಜನ ಹೇಳುತ್ತಾರೆ. ಸಾಕಾಗಳ ಕತೆ ಕೇಳಿ ಭಾರವಾಗಿದ್ದ ಮನಸ್ಸಿಗೆ ಈ ರಾಣಿ ಸಮಾಧಾನ ಕೊಟ್ಟಳು. ಕೆರೆಗೆ ನೀರು ಹರಿದು ಬರುವ ಬಯಲನ್ನು ಆಗೋರ್ ಎನ್ನುತ್ತಾರೆ. ಅದರೊಳಗೆ ಚಪ್ಪಲಿ ಮೆಟ್ಟುವಂತಿರಲಿಲ್ಲ, ದನ ಮೇಯಿಸುವಂತಿರಲಿಲ್ಲ. ಗಡೀಸರ್ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಒಂಬತ್ತು ಕೆರೆಗಳ ಸರಪಳಿ ಇತ್ತು ಎಂದು ಇಲ್ಲಿನ ನೀರಿನ ವ್ಯವಸ್ಥೆಯ ಬಗ್ಗೆ ಬರೆದ ಅನುಪಮ ಮಿಶ್ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಈಗ ಗಡೀಸರಿನಲ್ಲಿ ದೋಣಿಗಳು ತೇಲುತ್ತವೆ, ಇಂದಿರಾ ಗಾಂಧಿ ಕಾಲುವೆಯ ನೀರು ಬಂದು ಸೇರುತ್ತದೆ. ದಂಡೆಯ ಚಂದದ ಹೆಬ್ಬಾಗಿಲು ತಿಲೋನ್ ಎಂಬ ವೇಶ್ಯೆ ಕಟ್ಟಿಸಿದ್ದು. ತಾವು ಅವಳ ಬಾಗಿಲಡಿ ಹೋಗುವುದೇ ಎಂದು ರಾಜಮನೆತನದವರು ಅದನ್ನು ಕೆಡವಲು ಹೊರಟಾಗ ಅವಳು ಮೇಲೊಂದು ಕೃಷ್ಣನ ಗುಡಿ ಮಾಡಿಸಿದಳಂತೆ. ಗುಡಿ ಕೆಡವುವ ಧೈರ್ಯ ಯಾರಿಗೂ ಬರಲಿಲ್ಲ.

ಹಳ್ಳಿಗಳ ಕಡೆಗಿನ ಕುಂಇ ಎಂಬ ಕಿರುಬಾವಿ ನೋಡಿದ ಮೇಲೆ ನನಗೆ ನೀರಿನ ಬಗ್ಗೆ ಇದ್ದ ತಿಳಿವಳಿಕೆಯೇ ಬದಲಾಯಿತು. ಮರಳುಗಾಡಿನ ಕೆಲವೆಡೆ ಮರಳಿನ ಕೆಳಗೆ ಜಿಪ್ಸಮ್ಮಿನ ಪದರವಿದೆ. ಮಳೆಯ ತೇವ ಅದನ್ನು ದಾಟಿ ಆಳದ ಉಪ್ಪುನೀರಿಗೆ ಸೇರದೆ, ಮರಳಿನ ಕಣಗಳ ನಡುವೆಯೇ ನಿಲ್ಲುತ್ತದೆ. ನಾಲ್ಕೈದು ಮೊಳ ಅಗಲದ ಗುಂಡಿಯನ್ನು ಆ ಪದರದ ತನಕ ತೋಡಿದರೆ ಸುತ್ತಲಿನ ತೇವ ಹನಿ ಹನಿಯಾಗಿ ಒಸರಿ ತಳದಲ್ಲಿ ಕೂಡುತ್ತದೆ. ದಿನಕ್ಕೆ ಎರಡು ಮೂರು ಕೊಡ, ಅಷ್ಟೆ. ತೋಡುವಾಗ ಒಳಗಿನ ಸೆಕೆ ತಾಳಲಾಗದು. ಮೇಲಿದ್ದವರು ಬೊಗಸೆ ಬೊಗಸೆ ಮರಳನ್ನು ಜೋರಾಗಿ ಕೆಳಕ್ಕೆ ಎಸೆಯುತ್ತಾರೆ. ಅದರ ಜೊತೆ ತಂಪುಗಾಳಿ ಇಳಿದು ಬಿಸಿಗಾಳಿ ಮೇಲೆ ಬರುತ್ತದೆ. ತಲೆಗೆ ಪೆಟ್ಟಾಗದಿರಲು ತೋಡುವವನು ಲೋಹದ ಪಾತ್ರೆಯಂಥದ್ದನ್ನು ಹಾಕಿಕೊಂಡಿರುತ್ತಾನೆ. ಮರಳು ಕುಸಿಯದಿರಲು ಖೀಂಪ್ ಹುಲ್ಲಿನ ದಪ್ಪ ಹಗ್ಗ ಹೊಸೆದು, ಸಿಂಬೆ ಸುತ್ತಿದಂತೆ ಒಳಗೋಡೆಗೆ ತಳದಿಂದ ಮೇಲಿನವರೆಗೂ ಸುತ್ತುತ್ತಾರೆ. ಬಾಯಿ ಸಣ್ಣದು, ಮೇಲೆ ಮುಚ್ಚಳ. ನೀರು ಆವಿಯಾಗಬಾರದು, ಕಸ ಬೀಳಬಾರದು, ಒಬ್ಬರೇ ಹೆಚ್ಚು ಸೇದಬಾರದು. ಇಂಜಿನಿಯರಿಂಗ್ ಓದುವ ಮಕ್ಕಳನ್ನು ಕರೆತಂದು ಇದನ್ನು ತೋರಿಸಬೇಕು.

ನೀರು ಕಾಯುವ ಇನ್ನೊಂದು ವಿಧಾನ ಖಡೀನ್. ಕಲ್ಲುಬಯಲಿನ ಇಳಿಜಾರಿನ ಕೊನೆಗೆ ಮಣ್ಣಿನ ಏರಿ ಹಾಕಿ, ಹತ್ತಾರು ಎಕರೆಯ ಮಳೆನೀರನ್ನು ಒಂದು ಹೊಲದಲ್ಲಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತನೆ. ಆಮೇಲೆ ಒಂದು ತಂಬಿಗೆ ನೀರನ್ನೂ ಹಾಯಿಸುವುದಿಲ್ಲ. ಜನವರಿಯಲ್ಲಿ ನಾನು ಕಂಡ ಖಡೀನ್ ಮೊಣಕಾಲೆತ್ತರದ ಗೋಧಿಯಿಂದ ಹಸಿರಾಗಿತ್ತು; ಏರಿಯ ಆಚೆ ಬರೀ ಕಲ್ಲು. 15ನೇ ಶತಮಾನದಿಂದ ಈ ವಿದ್ಯೆಯನ್ನು ಬೆಳೆಸಿದವರು ಪಾಲೀವಾಲ ಬ್ರಾಹ್ಮಣರು. 19ನೇ ಶತಮಾನದ ಮೊದಲಲ್ಲಿ ಅವರು ಕುಲಧರಾ ಸೇರಿದಂತೆ ಹಳ್ಳಿಗಳನ್ನೇ ಬಿಟ್ಟು ಹೋದರು. ದಿವಾನ ಸಾಲಿಮ್ ಸಿಂಗನ ಕಾಟ ತಾಳದೆ ಒಂದೇ ರಾತ್ರಿಯಲ್ಲಿ ಹೊರಟರೆಂಬುದು ಪ್ರಸಿದ್ಧ ಕತೆ. ಬಾವಿ ಬತ್ತಿದ್ದೂ ಕಾರಣವೆಂದು ಹೇಳುವವರಿದ್ದಾರೆ. ಇಂದು ಕುಲಧರಾವನ್ನು ದೆವ್ವದ ಊರೆಂದು ತೋರಿಸಿ ದುಡ್ಡು ಮಾಡುವುದು ನನಗೆ ಬೇಸರ ತಂದಿತು. ಮರಳಿನಲ್ಲಿ ಗೋಧಿ ಬೆಳೆದವರ ಊರು ಅದು.

ಸಮ್ ಹಳ್ಳಿಯ ಮರಳುದಿಣ್ಣೆಗಳ ಬಗ್ಗೆ ಹೆಚ್ಚು ಬರೆಯಲಾರೆ. ಸೂರ್ಯಾಸ್ತ ಚೆನ್ನಾಗಿತ್ತು, ಧ್ವನಿವರ್ಧಕ, ಜೀಪುಗಳ ಅಬ್ಬರ ವಿಪರೀತವಾಗಿತ್ತು.

ಊಟದ ಮಾತು ಹೇಳದಿದ್ದರೆ ಲೇಖನ ಅರೆಯಾಗುತ್ತದೆ. ಸಜ್ಜೆ ರೊಟ್ಟಿಯ ಜೊತೆ ಬಂದ ಕೇರ್ ಸಾಂಗ್ರಿ ಪಲ್ಯದಲ್ಲಿ ಕಪ್ಪಗೆ ತೆಳ್ಳಗಿನ ಕಾಯಿಗಳಿದ್ದವು. ಅವು ಖೇಜ್ರಿ ಮರದ ಕಾಯಿ. ಎಳೆಯದಾಗಿದ್ದಾಗ ಕಿತ್ತು ಒಣಗಿಸಿಟ್ಟು, ಬೇಕಾದಾಗ ನೆನೆಹಾಕಿ ಬೇಯಿಸುತ್ತಾರೆ. ಬರಗಾಲದಲ್ಲಿ ಜನರನ್ನೂ ಒಂಟೆ ಆಡುಗಳನ್ನೂ ಬದುಕಿಸಿದ ಮರ ಇದು. ವಿಜಯದಶಮಿಯಂದು ಕಲ್ಬುರ್ಗಿ, ಬೀದರ್, ವಿಜಯಪುರದ ಮನೆಮನೆಗಳಲ್ಲಿ ಬಂಗಾರವೆಂದು ಎಲೆ ಹಂಚಿಕೊಂಡು ಹಿರಿಯರ ಕಾಲಿಗೆ ಬೀಳುತ್ತೇವಲ್ಲ, ಆ ಬನ್ನಿಯೇ ಖೇಜ್ರಿ. ನಾವು ಪೂಜಿಸುವ ಮರವನ್ನು ಇಲ್ಲಿಯವರು ಪೂಜೆಯೂ ಮಾಡಿ ಪಲ್ಯವನ್ನೂ ಮಾಡುತ್ತಾರೆ. ಹುಳಿ, ಖಾರ, ಸ್ವಲ್ಪ ಒಗರು; ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಈ ನಾಡಿನ ಹಾಡುಗಳನ್ನು ಕಾಪಾಡಿದವರು ಮಾಂಗಣಿಯಾರರೆಂಬ ಗಾಯಕರು. ಮುಸ್ಲಿಮರಾದ ಇವರಿಗೆ ಆಶ್ರಯ ಕೊಡುವ ಜಜಮಾನರಲ್ಲಿ ಹೆಚ್ಚಿನವರು ಭಾಟಿ ರಜಪೂತರು. ಜಜಮಾನನ ಮನೆಯ ಹುಟ್ಟು, ಮದುವೆ, ಸಾವು ಯಾವುದೂ ಇವರ ಹಾಡಿಲ್ಲದೆ ನಡೆಯುತ್ತಿರಲಿಲ್ಲ. ಆ ಮನೆಯ ಪೀಳಿಗೆಗಳ ಹೆಸರು ಹೇಳಿ ಹರಸುವ ಶುಭರಾಜ್ ಇವರ ಬಾಯಲ್ಲಿರುತ್ತದೆ, ಯಾವ ಪುಸ್ತಕದಲ್ಲೂ ಅಲ್ಲ. ಕೃಷ್ಣನ ಪದ, ದೇವಿಯ ಪದ, ಸೂಫಿ ಕಲಾಮು ಒಂದೇ ಕೂಟದಲ್ಲಿ ಬರುತ್ತವೆ. ಊರಿಗೆ ಹತ್ತಿರದ ಹಮೀರಾ ಹಳ್ಳಿಯ ಸಾಕರ್ ಖಾನ್ ಕಮಾಯಚಾ ನುಡಿಸಿ 2012ರಲ್ಲಿ ಪದ್ಮಶ್ರೀ ಪಡೆದವರು, ಮರುವರ್ಷ ತೀರಿಕೊಂಡರು.

ನಾನು ಕಮಾಯಚಾ ಕೇಳಿದ್ದು ಕೆಳಗಿನ ಊರಿನ ಒಂದು ಮನೆಯಂಗಳದಲ್ಲಿ. ಮರದ ದುಂಡು ಬಟ್ಟಲಿಗೆ ಆಡಿನ ತೊಗಲು ಬಿಗಿದ ವಾದ್ಯ. ನರದ ತಂತಿಗಳ ಮೇಲೆ ಉದ್ದನೆಯ ಕಮಾನು ಎಳೆದ ಕೂಡಲೇ ಒರಟಾದ, ಎದೆಯಾಳದ ದನಿ ಹೊರಟಿತು. ಪಕ್ಕದ ಉಕ್ಕಿನ ತಂತಿಗಳು ತಾವಾಗಿಯೇ ಮಿಡಿದವು. ನುಡಿಸುತ್ತ ಹಾಡುತ್ತಿದ್ದ ಮುದುಕರ ಮೊಮ್ಮಗ ಖಡ್ತಾಲ್ ಹಿಡಿದಿದ್ದ. ಎರಡೆರಡು ಮರದ ಪಟ್ಟಿ, ಬೆರಳುಗಳ ನಡುವೆ ಬಡಿತ. ಹುಡುಗ ಲಯ ಓಡಿಸಿದಾಗಲೆಲ್ಲ ಮುದುಕರು ಹಾಡು ನಿಲ್ಲಿಸದೆಯೇ ಗಲ್ಲ ಅಲ್ಲಾಡಿಸಿ ಅವನನ್ನು ಹಿಂದಕ್ಕೆ ಎಳೆಯುತ್ತಿದ್ದರು. ಜಜಮಾನರ ಮಕ್ಕಳು ದೂರದ ಊರುಗಳಿಗೆ ಹೋಗಿದ್ದಾರೆ, ಮದುವೆಗೆ ಡಿಜೆ ಕರೆಸುತ್ತಾರೆ ಎಂದು ಆಮೇಲೆ ಹೇಳಿದರು. ಹೋಟೆಲಿನವರು ಕರೆಯುತ್ತಾರೆ, ಹಣವೂ ಕೊಡುತ್ತಾರೆ. ಅಲ್ಲಿ ಶುಭರಾಜ್ ಯಾರ ಹೆಸರಿಗೆ ಹೇಳುವುದು ಎಂಬುದು ಅವರ ಚಿಂತೆ.

ಇಷ್ಟೆಲ್ಲ ಜೋಪಾನ ಮಾಡಿದ ಊರಿನ ಕೋಟೆಯೇ ಈಗ ಅಪಾಯದಲ್ಲಿದೆ, ಅದೂ ನೀರಿನಿಂದ. ಪಂಜಾಬಿನ ಹರಿಕೆಯಿಂದ ಹೊರಡುವ 649 ಕಿಲೋಮೀಟರಿನ ಇಂದಿರಾ ಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಶುರುವಾಗಿ, ನೀರು 1987ರಲ್ಲಿ ಜೈಸಲ್ಮೇರ್ ಜಿಲ್ಲೆಯ ಮೋಹನ್‌ಗಢ ತಲುಪಿತು. ತಲೆಯ ಮೇಲೆ ಕೊಡ ಹೊತ್ತು ಗಡೀಸರಿನಿಂದ ಕೋಟೆ ಹತ್ತುತ್ತಿದ್ದ ಹೆಂಗಸರ ಬವಣೆ ನಲ್ಲಿಗಳು ಬಂದು ತಪ್ಪಿತು. ಅದನ್ನು ಯಾರೂ ಬೇಡವೆನ್ನಲಾರರು. ಆದರೆ ನಲ್ಲಿಯ ಹಿಂದೆ ಶೌಚಾಲಯ, ಶವರ್ ಬಂದವು, ಅತಿಥಿಗೃಹಗಳು ಬಂದವು. ಕೊಡದ ಲೆಕ್ಕದ ನೀರಿಗೆ ಕಟ್ಟಿದ ಮನೆಗಳಿಂದ ಟ್ಯಾಂಕಿನ ಲೆಕ್ಕದ ನೀರು ಹೊರಬೀಳತೊಡಗಿತು. ಮಳೆನೀರನ್ನು ನಾಲ್ಕು ದಿಕ್ಕಿಗೂ ಹೊರಹಾಕಲು ಹಿಂದಿನವರು ಘೂಟ್ ನಾಲಿ ಎಂಬ ಚರಂಡಿಗಳನ್ನು ಮಾಡಿದ್ದರು. ಅವುಗಳ ಮೇಲೆ ದಿನದಿನದ ಬಳಕೆ ನೀರಿನ ಹೊರೆಯೂ ಬಿತ್ತು.

ತ್ರಿಕೂಟ ಗಟ್ಟಿ ಬಂಡೆಯ ಬೆಟ್ಟವಲ್ಲ. ಮೆದು ಮರಳುಗಲ್ಲು, ನಡುವೆ ಜೇಡಿಯ ಪದರ. ಸೋರಿದ ನೀರು ಜೇಡಿಗೆ ಇಳಿದರೆ ಅದು ಉಬ್ಬುತ್ತದೆ, ಜಾರುತ್ತದೆ; ಮೇಲೆ ನಿಂತ 99 ಕೊತ್ತಳಗಳ ಬುಡ ಸಡಿಲವಾಗುತ್ತದೆ. ಗಾರೆಯಿಲ್ಲದ ಗೋಡೆ ಒಣನೆಲದಲ್ಲಿ ಶತಮಾನಗಳ ಕಾಲ ನಿಂತೀತು; ಒದ್ದೆ ನೆಲದಲ್ಲಿ ನಿಲ್ಲದು. ಹೊರಗೋಡೆಯ ಸುತ್ತ ನಡೆದರೆ ಬುಡದಲ್ಲಿ ಅಲ್ಲಲ್ಲಿ ಕಪ್ಪು ತೇವ, ಉಪ್ಪು ಹೂಬಿಟ್ಟು ಪುಡಿಯಾಗುತ್ತಿರುವ ಕಲ್ಲು ಕಾಣುತ್ತದೆ. ಬೆರಳಿಟ್ಟರೆ ಹಳದಿ ಪುಡಿ ಅಂಟುತ್ತದೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 1996ರಲ್ಲೇ ಈ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. 2013ರಲ್ಲಿ ರಾಜಸ್ಥಾನದ ಇನ್ನೈದು ಗಿರಿದುರ್ಗಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಬಂತು. ಕೊತ್ತಳಗಳ ದುರಸ್ತಿ, ಕೊಳವೆಗಳ ಬದಲಾವಣೆ ನಡೆದೇ ಇವೆ. ಆದರೂ 2024ರ ಆಗಸ್ಟಿನ ಭಾರಿ ಮಳೆಗೆ ಹೊರಗೋಡೆಯ ಒಂದು ಭಾಗ ಕುಸಿದು ಬಿತ್ತು.

ಒಳಗಿನವರನ್ನೆಲ್ಲ ಹೊರಗೆ ಕಳಿಸಿ ಕೋಟೆಯನ್ನು ವಸ್ತುಸಂಗ್ರಹಾಲಯ ಮಾಡಿ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗೋಡೆಯ ಮೇಲೆ ಗಣಪತಿ ಬರೆಸುವವರು ಹೋದರೆ ಉಳಿಯುವುದು ಕಲ್ಲಿನ ರಾಶಿ. ಮನೆಮಂದಿಯ ಬಳಕೆಯ ನೀರನ್ನು ಒಳ್ಳೆಯ ಕೊಳವೆ ಹಾಕಿ ಹೊರಗೆ ಸಾಗಿಸಬಹುದು. ಪ್ರವಾಸಿಗರ ಸ್ನಾನದ ನೀರು ಆ ಬೆಟ್ಟದ ಮೇಲೆ ಬೀಳಬೇಕಾದ ಅಗತ್ಯವೇ ಇಲ್ಲ. ಅತಿಥಿಗೃಹ ನಡೆಸುವ ಒಳಗಿನ ಕುಟುಂಬಗಳಿಗೆ ಕೆಳಗೆ ಜಾಗ, ನೆರವು ಕೊಟ್ಟು ಆ ವ್ಯವಹಾರವನ್ನು ಇಳಿಸಬೇಕು. ಅದು ಸರ್ಕಾರದ ಕೆಲಸ. ನಮ್ಮ ಕೈಯಲ್ಲಿರುವುದು ಕೋಣೆ ಕಾದಿರಿಸುವಾಗ ಅದು ಗೋಡೆಯ ಒಳಗಿದೆಯೋ ಹೊರಗಿದೆಯೋ ಎಂದು ಕೇಳುವುದು. ಕೋಟೆಯೊಳಗೆ ಊಟ ಮಾಡಿ, ಅಲ್ಲಿನ ಅಂಗಡಿಗಳಲ್ಲೇ ಕೊಳ್ಳಿ, ಬಸದಿಗಳಲ್ಲಿ ಮನಸ್ಸು ತುಂಬುವಷ್ಟು ಹೊತ್ತು ಕೂತು ಬನ್ನಿ. ಸ್ನಾನ ಮಾತ್ರ ಕೆಳಗಿನ ಊರಿನಲ್ಲಿ ಮಾಡಿ. ಅಲ್ಲಿಂದ ಅಖೈ ಪೋಲ್‌ಗೆ ಹತ್ತು ಹದಿನೈದು ನಿಮಿಷದ ನಡಿಗೆ.